ಎಕ್ಸ್‌ರೇ ಚೆನ್ನಾಗಿದೆ ಅಂದರು, ಒಳಗೆ ಮೂಳೆ ಸಾಯುತ್ತಿತ್ತು

ನಿಮ್ಮ ಪ್ರಶ್ನೆ ಓದಿದೆ. ಅಣ್ಣನಿಗೆ 36 ವರ್ಷ, ಸೋಮವಾರಪೇಟೆ ಕಡೆ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ, ನಾಲ್ಕು ತಿಂಗಳಿಂದ ಕುಂಟುತ್ತಿದ್ದಾರೆ. ಎಂಆರ್‌ಐ ಮಾಡಿಸಿದಾಗ ಎಡ ಸೊಂಟದ ಕೀಲಿನ ಮೂಳೆಗೆ ರಕ್ತ ಹೋಗುತ್ತಿಲ್ಲ, ‘ಎವಿಎನ್’ (ಅವ್ಯಾಸ್ಕುಲರ್ ನೆಕ್ರೋಸಿಸ್) ಅಂದಿದ್ದಾರೆ. ಮೂಳೆ ಸಾಯುವುದು ಅಂದರೆ ಏನು, ಇದು ಕ್ಯಾನ್ಸರಾ, ಮಾತ್ರೆಯಲ್ಲಿ ವಾಸಿಯಾಗುತ್ತಾ, ಮುಂದೆ ಕರಿಮೆಣಸು ಕುಯ್ಯುವ ಏಣಿ ಹತ್ತಬಹುದಾ ಅಂತ ಕೇಳಿದ್ದೀರಿ.

ನಾನು ಡಾಕ್ಟರಲ್ಲ. ಸುಂಟಿಕೊಪ್ಪ ಕಡೆಯ ಸಣ್ಣ ಬೆಳೆಗಾರ. ಇದೇ ಕಾಯಿಲೆ ನನ್ನ ಎರಡೂ ಕಡೆಗೆ ಬಂದಿತ್ತು. ಬಲಗಡೆಯ ಕೀಲು ಈಗ ಲೋಹ ಮತ್ತು ಸೆರಾಮಿಕ್. ಎಡಗಡೆಯದು ಇನ್ನೂ ನನ್ನದೇ. ಒಂದು ಉಳಿದು ಇನ್ನೊಂದು ಯಾಕೆ ಹೋಯಿತು ಅನ್ನುವುದನ್ನೇ ನಿಮಗೆ ಹೇಳಬೇಕು ಅನ್ನಿಸಿತು.

ಮೊದಲು ಭಯ ಬಿಡಿ, ಇದು ಕ್ಯಾನ್ಸರ್ ಅಲ್ಲ. ಅಂಟುವ ರೋಗವೂ ಅಲ್ಲ. ಕ್ಯಾಲ್ಸಿಯಂ ಕಡಿಮೆಯಾಗಿ ಬಂದದ್ದೂ ಅಲ್ಲ. ನನಗೆ ಊರಿನವರೆಲ್ಲ ಸೇರಿ ಕುಡಿಸಿದ ಕಾಲು ಸೂಪಿಗೆ ಲೆಕ್ಕವಿಲ್ಲ. ಸೂಪ್ ಚೆನ್ನಾಗಿತ್ತು, ಮೂಳೆಗೆ ಮಾತ್ರ ಏನೂ ಆಗಲಿಲ್ಲ.

ಮೂಳೆ ಕಲ್ಲಿನ ಹಾಗೆ ಅಂದುಕೊಂಡಿರುತ್ತೇವೆ ಅಲ್ವಾ? ಅದು ಜೀವ ಇರುವ ವಸ್ತು. ಹಳೆಯದನ್ನು ಕರಗಿಸಿ ಹೊಸದು ಕಟ್ಟುವ ಕೆಲಸ ಒಳಗೆ ದಿನವೂ ನಡೆಯುತ್ತದೆ, ಅದಕ್ಕೆ ರಕ್ತ ಬೇಕು. ತೊಡೆ ಮೂಳೆಯ ಮೇಲ್ತುದಿಯಲ್ಲಿ ಚೆಂಡಿನಂಥ ಒಂದು ತಲೆ ಇದೆ, ಅದು ಸೊಂಟದ ಗುಳಿಯಲ್ಲಿ ಕೂತು ತಿರುಗುತ್ತದೆ. ಈ ತಲೆಗೆ ರಕ್ತ ಬರುವ ದಾರಿ ಬಹಳ ಇಕ್ಕಟ್ಟು. ಮೂಳೆಯ ಕುತ್ತಿಗೆಗೆ ಅಂಟಿಕೊಂಡು ಹೋಗುವ ಕೆಲವು ಸಣ್ಣ ನಾಳಗಳೇ ಮುಖ್ಯ. ನಮ್ಮ ಕಡೆ ಗುಡ್ಡದ ಬರೆಯ ಮೇಲಿನ ಮನೆಗೆ ದೂರದ ಒರತೆಯಿಂದ ಒಂದೇ ಪೈಪ್ ಎಳೆದಿರುತ್ತಾರಲ್ಲ, ಹಾಗೆ. ಪೈಪ್ ಕಟ್ಟಿಕೊಂಡರೆ ಆ ಮನೆಗೆ ಬೇರೆ ನೀರಿಲ್ಲ.

ಇಲ್ಲೊಂದು ವಿಚಿತ್ರ ಇದೆ, ನನಗೂ ತಡವಾಗಿ ಗೊತ್ತಾಯಿತು. ಮೂಳೆ ಸತ್ತ ದಿನವೇ ಕುಸಿಯುವುದಿಲ್ಲ. ಸತ್ತ ಮೂಳೆಯೂ ಸ್ವಲ್ಪ ಕಾಲ ಗಟ್ಟಿಯಾಗಿಯೇ ನಿಂತಿರುತ್ತದೆ. ಆಮೇಲೆ ದೇಹ ರಿಪೇರಿಗೆ ಇಳಿಯುತ್ತದೆ. ಅಂಚಿನಿಂದ ಸತ್ತ ಭಾಗವನ್ನು ಕರಗಿಸತೊಡಗುತ್ತದೆ, ಆದರೆ ಹೊಸ ಮೂಳೆ ಅಷ್ಟು ಬೇಗ ಕಟ್ಟಿಕೊಳ್ಳುವುದಿಲ್ಲ. ಹೆಂಚು ಇಳಿಸದೆ ಅದನ್ನು ಹೊತ್ತ ಹಳೆ ಪಕಾಸು ಕಿತ್ತ ಹಾಗೆ. ಮೇಲೆ ನಮ್ಮ ಮೈಭಾರ ಬೀಳುತ್ತಲೇ ಇರುತ್ತದೆ. ಒಂದು ದಿನ ದುಂಡಗಿದ್ದ ತಲೆ ಒಳಕ್ಕೆ ಕುಸಿದು ಚಪ್ಪಟೆಯಾಗುತ್ತದೆ. ಕುಸಿಯುವ ಮೊದಲು ದಾರಿಗಳು ಹಲವು. ಕುಸಿದ ಮೇಲೆ ಹೆಚ್ಚಿನವರಿಗೆ ಉಳಿಯುವುದು ಕೀಲು ಬದಲಿಸುವುದೊಂದೇ.

ನನ್ನ ಕತೆ ಹೇಳುತ್ತೇನೆ. ಶುರುವಾದದ್ದು ಬಲ ಮೊಣಕಾಲಿನಲ್ಲಿ. ಹೌದು, ಮೊಣಕಾಲು. ಸೊಂಟದ ಕೀಲಿಗೂ ಮೊಣಕಾಲಿಗೂ ಒಂದೇ ನರದ ಕವಲುಗಳು ಹೋಗುತ್ತವೆ, ಹಾಗಾಗಿ ಮೇಲಿನ ನೋವು ಕೆಳಗೆ ಕಾಣಿಸಿಕೊಳ್ಳುತ್ತದಂತೆ. ತೋಟದ ಇಳಿಜಾರಿನಲ್ಲಿ ಓಡಾಡುವವರಿಗೆ ಮೊಣಕಾಲು ನೋವು ಹೊಸದಲ್ಲ, ನಾನೂ ತಲೆ ಕೆಡಿಸಿಕೊಳ್ಳಲಿಲ್ಲ. ಎಣ್ಣೆ ತಿಕ್ಕಿದೆ, ಬೆಲ್ಟ್ ಹಾಕಿದೆ. ಒಬ್ಬರು ಡಾಕ್ಟರು ಮೊಣಕಾಲಿನ ಎಕ್ಸ್‌ರೇ ತೆಗೆಸಿ ‘ಏನೂ ಇಲ್ಲ’ ಅಂದರು. ಎರಡು ತಿಂಗಳಾದ ಮೇಲೆ ತೊಡೆಸಂದಿನಲ್ಲಿ ಹಿಡಿದ ಹಾಗಾಯಿತು. ಈ ಸಲ ಸೊಂಟದ ಎಕ್ಸ್‌ರೇ. ಅದೂ ‘ನಾರ್ಮಲ್’. ನೋವಿನ ಮಾತ್ರೆ ನುಂಗಿಕೊಂಡು ಆ ವರ್ಷದ ಕಾಫಿ ಕುಯ್ಲು ಮುಗಿಸಿದೆ. ಎಂಆರ್‌ಐ ಮಾಡಿಸುವ ಹೊತ್ತಿಗೆ ನೋವು ಶುರುವಾಗಿ ಎಂಟು ತಿಂಗಳು. ಅಷ್ಟರಲ್ಲಿ ಬಲಗಡೆಯ ತಲೆ ಕುಸಿದಿತ್ತು.

ಆ ಎಕ್ಸ್‌ರೇ ಸುಳ್ಳು ಹೇಳಲಿಲ್ಲ. ಮೊದಲ ಹಂತದಲ್ಲಿ ಈ ಕಾಯಿಲೆ ಎಕ್ಸ್‌ರೇಗೆ ಸಿಗುವುದೇ ಇಲ್ಲ. ಎರಡನೇ ಹಂತದಲ್ಲಿ ಕಲೆ ಕಲೆಯಾಗಿ ಕಾಣುತ್ತದೆ. ಮೂಳೆಯ ಮೇಲ್ಪದರದ ಕೆಳಗೆ ಚಂದ್ರನ ಗೆರೆಯಂಥ ಒಂದು ಬಿರುಕು ಕಂಡರೆ ಕುಸಿತ ಶುರುವಾಗಿದೆ ಎಂದು ಅರ್ಥ, ಅದು ಮೂರನೆಯದು. ನಾಲ್ಕರಲ್ಲಿ ಗುಳಿಯೂ ಸವೆದು ಕೀಲೆಲ್ಲ ಸಂಧಿವಾತ. ಎಂಆರ್‌ಐ ಮಾತ್ರ ಮೊದಲ ಹಂತದಲ್ಲೇ ಹಿಡಿಯುತ್ತದೆ. ನನ್ನ ಎಡಗಡೆ ಉಳಿದದ್ದು ಹಾಗೆಯೇ. ಅಲ್ಲಿ ನನಗೆ ಒಂದಿಷ್ಟೂ ನೋವಿರಲಿಲ್ಲ. ಎರಡೂ ಕಡೆ ಸ್ಕ್ಯಾನ್ ಮಾಡಿದ್ದರಿಂದ ಸಣ್ಣ ಭಾಗ ಸತ್ತಿರುವುದು ಸಿಕ್ಕಿತು. ಪೆಟ್ಟು ಬೀಳದೆ ಬಂದ ಎವಿಎನ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಎರಡೂ ಕಡೆ ಇರುತ್ತದೆ. ನಿಮ್ಮ ಅಣ್ಣನ ಸ್ಕ್ಯಾನ್ ಎಡಗಡೆಗೆ ಮಾತ್ರವಾ, ಎರಡಕ್ಕೂ ಆಗಿದೆಯಾ? ಇವತ್ತೇ ರಿಪೋರ್ಟ್ ತೆಗೆದು ನೋಡಿ. ಒಂದೇ ಕಡೆ ಆಗಿದ್ದರೆ ಬಲಗಡೆಯನ್ನೂ ಮಾಡಿಸಬೇಕಾ ಅಂತ ಬಾಯಿಬಿಟ್ಟು ಕೇಳಿ.

ಲಕ್ಷಣದ ವಿಷಯದಲ್ಲಿ ನಮ್ಮ ಭಾಷೆಯೇ ಒಂದು ತೊಂದರೆ ಮಾಡುತ್ತದೆ. ‘ಸೊಂಟ ನೋವು’ ಅಂದರೆ ನಾವು ಕೈ ಇಡುವುದು ಬೆನ್ನಿನ ಕೆಳಗೆ. ಡಾಕ್ಟರೂ ಬೆನ್ನಿನ ಎಕ್ಸ್‌ರೇ ಬರೆದುಬಿಡಬಹುದು. ಈ ಕಾಯಿಲೆಯಲ್ಲಿ ಕೈ ಮುಂದೆ ಹೋಗುತ್ತದೆ, ತೊಡೆಸಂದಿಗೆ. ಹಾಗಾಗಿ ಹೆಸರು ಹೇಳುವ ಬದಲು ಬೆರಳಿಟ್ಟು ತೋರಿಸಿ. ಕಾಲನ್ನು ಒಳಮುಖವಾಗಿ ತಿರುಗಿಸಲು ಆಗದಿರುವುದು ಇನ್ನೊಂದು ಗುರುತು. ನನಗೆ ಅದು ಕಂಡದ್ದು ಗಂಬೂಟ್ ಹಾಕುವಾಗ. ಮಳೆಗಾಲದಲ್ಲಿ ಜಿಗಣೆಗೆ ಹೆದರಿ ಉದ್ದ ಕಾಲುಚೀಲ ಏರಿಸುತ್ತೇವಲ್ಲ, ಅಷ್ಟು ಕಾಲು ಮಡಚಲು ಆಗದೆ ಹೆಂಡತಿ ಹಾಕಿಕೊಡಬೇಕಾಯಿತು. ಚಕ್ಕಳಮಕ್ಕಳ ಕೂರಲು ಆಗುವುದಿಲ್ಲ, ಜೀಪ್ ಹತ್ತುವಾಗ ಚುಚ್ಚುತ್ತದೆ. ಆಮೇಲೆ ಮಲಗಿದರೂ ನೋವು.

ಇನ್ನು ಕಾರಣ. ನನ್ನದು ಯಾವುದರಿಂದ ಬಂತು ಅಂತ ಯಾರೂ ಬರೆದುಕೊಡಲಿಲ್ಲ, ಆದರೆ ಅನುಮಾನ ಎರಡರ ಮೇಲೆ. ಒಂದು ಸ್ಟೆರಾಯ್ಡ್. ಮಳೆಗಾಲ ಬಂತೆಂದರೆ ನನಗೆ ಉಬ್ಬಸ. ಒಮ್ಮೆ ಐದು ದಿನಕ್ಕೆ ಅಂತ ಬರೆದುಕೊಟ್ಟ ಮಾತ್ರೆಯ ಹಳೆ ಚೀಟಿ ತೋರಿಸಿ, ಮೂರು ಮಳೆಗಾಲ ನಾನೇ ತೆಗೆದುಕೊಂಡು ನುಂಗಿದೆ. ಎರಡು ದಿನದಲ್ಲಿ ಎದೆ ಹಗುರ, ಹಸಿವು ಜೋರು, ಮಂತ್ರ ಹಾಕಿದ ಹಾಗೆ. ಎಷ್ಟು ನುಂಗಿದೆ ಎಂಬ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲ, ನಾನೂ ಸೇರಿ. ಇನ್ನೊಂದು ಸಂಜೆಯ ಪೆಗ್.

ಕೊಡಗಿನಲ್ಲಿ ಕೂತು ಇದನ್ನು ಹೇಳುವುದು ಸ್ವಲ್ಪ ಕಷ್ಟ. ಮದುವೆ, ನಾಮಕರಣ, ಪುತ್ತರಿ, ಕೈಲ್‌ಪೋಳ್ದ್, ಗ್ಲಾಸ್ ಇಲ್ಲದೆ ಯಾವುದು ನಡೆಯುತ್ತದೆ? ಆದರೂ ಲೆಕ್ಕ ಹೇಳುತ್ತೇನೆ, ಅಣ್ಣನಿಗೆ ತೋರಿಸಿ. ಕುಡಿತದಿಂದ ಬಂದ ಎವಿಎನ್ ಎಂದು ಹೆಸರಿಡಲು ತಜ್ಞರು 2019ರಲ್ಲಿ ಒಂದು ಅಳತೆ ಹಾಕಿಕೊಂಡರು: ವಾರಕ್ಕೆ 400 ಮಿಲಿಗಿಂತ ಜಾಸ್ತಿ ಶುದ್ಧ ಆಲ್ಕೋಹಾಲ್, ಆರು ತಿಂಗಳಿಗೂ ಮೇಲೆ. ನಮ್ಮ ಬ್ರಾಂದಿ, ವಿಸ್ಕಿ, ರಮ್‌ನಲ್ಲಿ 42.8 ಶೇಕಡ ಆಲ್ಕೋಹಾಲ್. 180 ಮಿಲಿಯ ಒಂದು ಕ್ವಾರ್ಟರಿನಲ್ಲಿ ಸುಮಾರು 77 ಮಿಲಿ ಆಯಿತು. ಅಂದರೆ ವಾರಕ್ಕೆ ಐದು ಕ್ವಾರ್ಟರ್ ದಾಟಿದರೆ ಆ ಗೆರೆ ದಾಟಿದ ಹಾಗೆ. ದಿನಕ್ಕೆ ಒಂದು ಕ್ವಾರ್ಟರನ್ನು ‘ನಾನು ಲಿಮಿಟ್‌ನಲ್ಲೇ ಇದ್ದೇನೆ’ ಅನ್ನುವವರು ಎಷ್ಟು ಜನ! ಗೆರೆಯೊಳಗಿದ್ದರೆ ಏನೂ ಆಗಲ್ಲ ಅಂತಲೂ ಅಲ್ಲ. ಹೆಸರಿಡಲು ಹಾಕಿದ ಗೆರೆ ಅದು, ಕುಡಿಯಲು ಕೊಟ್ಟ ಪರ್ಮಿಟ್ ಅಲ್ಲ. ಕುಡಿತ, ಸ್ಟೆರಾಯ್ಡ್ ಎರಡೂ ಮೂಳೆಯೊಳಗಿನ ಕೊಬ್ಬನ್ನು ಹೆಚ್ಚಿಸಿ, ಒಳಗಿನ ಒತ್ತಡ ಏರಿಸಿ, ಸಣ್ಣ ನಾಳಗಳನ್ನು ಅದುಮುತ್ತವೆ ಎಂಬುದು ಮುಖ್ಯ ವಿವರಣೆ. ಪೂರ್ತಿ ಒಮ್ಮತ ಇನ್ನೂ ಇಲ್ಲ.

ಒಂದು ಎಚ್ಚರಿಕೆ. ಇದನ್ನು ಓದಿ ಯಾರೂ ಸ್ಟೆರಾಯ್ಡ್ ಮಾತ್ರೆಯನ್ನು ಥಟ್ಟನೆ ನಿಲ್ಲಿಸಬೇಡಿ. ಜಾಸ್ತಿ ದಿನ ತೆಗೆದುಕೊಂಡವರಲ್ಲಿ ದೇಹ ತನ್ನದೇ ಸ್ಟೆರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ, ಹಠಾತ್ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಡಾಕ್ಟರೇ ಹಂತ ಹಂತವಾಗಿ ಇಳಿಸಬೇಕು. ಉಬ್ಬಸದ ಇನ್‌ಹೇಲರ್ ಬೇರೆ ಲೆಕ್ಕ. ಅದರಲ್ಲಿ ಔಷಧಿಯ ಪ್ರಮಾಣ ಬಹಳ ಕಡಿಮೆ. ನಾನು ಮೊದಲೇ ಇನ್‌ಹೇಲರ್ ಹಿಡಿದಿದ್ದರೆ ಮಾತ್ರೆಯೇ ಬೇಕಾಗುತ್ತಿರಲಿಲ್ಲವೇನೋ. ‘ಇನ್‌ಹೇಲರ್ ಹಿಡಿದರೆ ಬಿಡಲಾಗಲ್ಲ’ ಅಂತ ಯಾರೋ ಹೇಳಿದ್ದನ್ನು ನಂಬಿದೆ. ನಿಮ್ಮ ಅಣ್ಣ ಕೋವಿಡ್ ಸಮಯದಲ್ಲಿ ಆಸ್ಪತ್ರೆಯಲ್ಲಿದ್ದರಾ? ಆಗ ಸ್ಟೆರಾಯ್ಡ್ ಅನೇಕರ ಜೀವ ಉಳಿಸಿತು, ಆಮೇಲೆ ಕೆಲವರಿಗೆ ಎವಿಎನ್ ಕಾಣಿಸಿತು. 2021ರಲ್ಲಿ ಮುಂಬೈಯಿಂದ ಅಂಥ ಮೂವರ ವಿವರ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಅಂಗಡಿಯಲ್ಲಿ ಸಿಗುವ ಹೆಸರಿಲ್ಲದ ‘ಕೀಲುನೋವಿನ ಪುಡಿ’ಯನ್ನೂ ನಾನು ಮುಟ್ಟುವುದಿಲ್ಲ. ಅಂಥ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆಸುವುದು ಹಳೆ ಕಸುಬು.

ನಮ್ಮ ಕಡೆ ಇನ್ನೊಂದು ಕಾರಣವೂ ಜೋರಾಗಿದೆ, ಬೀಳುವುದು. ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸು ಕುಯ್ಯಲು ಏಣಿ ಹತ್ತಿ ಜಾರಿದರೆ ತೊಡೆ ಮೂಳೆಯ ಕುತ್ತಿಗೆ ಮುರಿಯಬಹುದು, ಕೀಲು ತಪ್ಪಬಹುದು. ಎರಡರಲ್ಲೂ ಆ ಒಂದೇ ಪೈಪ್ ಕಿತ್ತುಹೋಗಬಹುದು. ತಪ್ಪಿದ ಕೀಲನ್ನು ಆರು ಗಂಟೆಯೊಳಗೆ ಕೂರಿಸಿದರೆ ತಲೆ ಉಳಿಯುವ ಸಾಧ್ಯತೆ ಜಾಸ್ತಿ. ಹೀಗೆ ಬಿದ್ದು ತೊಡೆ ಮೂಳೆಯ ಕುತ್ತಿಗೆ ಮುರಿದುಕೊಂಡ ನಮ್ಮ ಪಕ್ಕದ ತೋಟದ ಒಬ್ಬರನ್ನು ಮೊದಲು ಎಣ್ಣೆ ಕಟ್ಟು ಹಾಕುವವರ ಹತ್ತಿರ ಕರೆದುಕೊಂಡು ಹೋದರು, ಆಸ್ಪತ್ರೆ ಸೇರಿದ್ದು ಮರುದಿನ ಮಧ್ಯಾಹ್ನ. ಸ್ಕ್ರೂ ಹಾಕಿ ಮೂಳೆ ಕೂಡಿತು. ವರ್ಷ ಕಳೆದ ಮೇಲೆ ತಲೆ ಸತ್ತಿತು. ಬೇಗ ಹೋಗಿದ್ದರೂ ಸಾಯುತ್ತಿತ್ತೋ ಏನೋ, ಕುತ್ತಿಗೆ ಮುರಿತದಲ್ಲಿ ಅದು ಯಾವಾಗಲೂ ಇರುವ ಅಪಾಯ. ಆದರೂ ಆ ಒಂದು ರಾತ್ರಿಯನ್ನು ನೆನೆದು ಅವರ ಮನೆಯವರು ಇವತ್ತಿಗೂ ಕೊರಗುತ್ತಾರೆ.

ಕುಡುಗೋಲು ಕಣ ಕಾಯಿಲೆ, ಅಂದರೆ ಸಿಕಲ್ ಸೆಲ್, ಇದ್ದರೂ ಹೀಗಾಗುತ್ತದೆ. ಬಾಗಿದ ರಕ್ತಕಣಗಳು ಸಣ್ಣ ನಾಳದಲ್ಲಿ ಸಿಕ್ಕಿಕೊಳ್ಳುತ್ತವೆ. ಭಾರತದಲ್ಲಿ ಅದು ಮೊದಲು ಪತ್ತೆಯಾದದ್ದು 1952ರಲ್ಲಿ, ನಮಗೆ ದೂರವೇನಲ್ಲದ ನೀಲಗಿರಿಯ ಆದಿವಾಸಿಗಳಲ್ಲಿ. ಹಾಡಿಯ ಹುಡುಗರು ಕುಂಟಿದರೆ ಆ ರಕ್ತಪರೀಕ್ಷೆಯನ್ನು ಮರೆಯಬಾರದು. ಮಕ್ಕಳಲ್ಲಿ ಬರುವ ಪರ್ತಿಸ್ ಎಂಬುದು ಇದರ ದಾಯಾದಿ, ಹೆಚ್ಚಾಗಿ ನಾಲ್ಕರಿಂದ ಎಂಟು ವರ್ಷದ ಗಂಡುಮಕ್ಕಳಿಗೆ. ಅವರ ಚಿಕಿತ್ಸೆಯೇ ಬೇರೆ.

ಮಾತ್ರೆಯಲ್ಲಿ ವಾಸಿಯಾಗುತ್ತಾ ಅಂದರೆ, ಸತ್ತ ಮೂಳೆಯನ್ನು ಎಬ್ಬಿಸುವ ಮಾತ್ರೆ ಇಲ್ಲ. ಅಲೆಂಡ್ರೋನೇಟ್ ಅಂತ ಒಂದಿದೆ. ಮೂಳೆ ಕರಗುವ ವೇಗವನ್ನು ಅದು ತಡೆಯುತ್ತದೆ, ಅಂದರೆ ಆ ಪಕಾಸು ಕೀಳುವ ಕೆಲಸವನ್ನು ನಿಧಾನ ಮಾಡುತ್ತದೆ. ಕೆಲವು ಡಾಕ್ಟರು ನಂಬಿ ಕೊಡುತ್ತಾರೆ, ಕೆಲವರು ಕೊಡುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ತುಂಬಾ ನೀರಿನ ಜೊತೆ ನುಂಗಿ ಅರ್ಧ ಗಂಟೆ ಮಲಗಬಾರದು, ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ. ಹಲ್ಲು ಕೀಳಿಸುವುದಿದ್ದರೆ ಈ ಮಾತ್ರೆ ತೆಗೆದುಕೊಳ್ಳುತ್ತಿರುವ ವಿಷಯ ದಂತವೈದ್ಯರಿಗೆ ಹೇಳಬೇಕು. ಕೋಲು ಹಿಡಿದು ಭಾರ ಇಳಿಸಿದರೆ ನೋವು ಕಡಿಮೆಯಾಗುತ್ತದೆ, ಆದರೆ ಸಾಮಾನ್ಯವಾಗಿ ಅಷ್ಟರಿಂದಲೇ ಕಾಯಿಲೆ ನಿಲ್ಲುವುದಿಲ್ಲ.

ಕುಸಿಯದ ತಲೆಗೆ ‘ಕೋರ್ ಡಿಕಂಪ್ರೆಷನ್’ ಮಾಡುತ್ತಾರೆ. ನನ್ನ ಎಡಗಡೆಗೆ ಆದದ್ದು ಇದೇ. ತೊಡೆಯ ಪಕ್ಕದಿಂದ ಸತ್ತ ಭಾಗದವರೆಗೆ ಡ್ರಿಲ್ ಮಾಡಿ ಒಳಗಿನ ಒತ್ತಡ ಇಳಿಸುತ್ತಾರೆ, ಹೊಸ ರಕ್ತನಾಳ ಬರಲು ದಾರಿ ಮಾಡುತ್ತಾರೆ. ನನಗೆ ಸೊಂಟದ ಎಲುಬಿನಿಂದ ತೆಗೆದ ಮಜ್ಜೆಯನ್ನೂ ತುಂಬಿದರು. ಆರು ವಾರ ಊರುಗೋಲು. ಆ ಆರು ವಾರ ಕಡ್ಡಾಯ, ಯಾಕೆಂದರೆ ಕೊರೆದ ಜಾಗದಲ್ಲೇ ಮೂಳೆ ಮುರಿಯಬಹುದು. ಎಲ್ಲರಿಗೂ ಫಲಿಸುವುದಿಲ್ಲ. ಸತ್ತ ಭಾಗ ಚಿಕ್ಕದಿದ್ದಷ್ಟೂ ಒಳ್ಳೆಯದು. ನನ್ನದು ಚಿಕ್ಕದಿತ್ತು.

ಬಲಗಡೆಗೆ ಪೂರ್ತಿ ಕೀಲು ಬದಲಾವಣೆ. ಹೆಸರು ಕೇಳಿ ನಡುಗಿದ್ದೆ. ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. ಗಾಯದ ನೋವಿತ್ತು, ಆ ಹಳೆ ನೋವು ಮಾತ್ರ ಹೋಗಿತ್ತು. ಈ ಕೀಲುಗಳ ಆಯಸ್ಸಿನ ಬಗ್ಗೆ 2019ರಲ್ಲಿ ಹೊರದೇಶಗಳ ದಾಖಲೆ ಸೇರಿಸಿ ನೋಡಿದಾಗ ನೂರಕ್ಕೆ ಸುಮಾರು 58 ಕೀಲು 25 ವರ್ಷ ಬಾಳಿದ್ದವು. 36ರ ವಯಸ್ಸಿನಲ್ಲಿ ಹಾಕಿಸಿದರೆ ಇನ್ನೊಮ್ಮೆ ಬದಲಿಸಬೇಕಾಗಬಹುದು. ಹಾಗಾಗಿಯೇ ಚಿಕ್ಕ ವಯಸ್ಸಿನವರ ತಲೆ ಉಳಿಸಲು ಡಾಕ್ಟರು ಮೊದಲು ನೋಡುತ್ತಾರೆ. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರುವುದು ನನಗೆ ಬೇಡ ಅಂದಿದ್ದಾರೆ. ಮನೆಗೆ ಬರುವ ಮೊದಲೇ ಕಮೋಡ್ ಹಾಕಿಸಿಬಿಡಿ.

ದುಡ್ಡಿನ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ, ಎಪಿಎಲ್‌ನವರಿಗೆ ಪ್ಯಾಕೇಜಿನ 30 ಶೇಕಡ. ಮೊದಲು ಸರ್ಕಾರಿ ಆಸ್ಪತ್ರೆಗೆ ತೋರಿಸಿ, ಮಡಿಕೇರಿಯಲ್ಲಿ ಮೆಡಿಕಲ್ ಕಾಲೇಜೇ ಇದೆ. ರೆಫರಲ್ ಇಲ್ಲದೆ ನೇರ ಮೈಸೂರಿಗೋ ಮಂಗಳೂರಿಗೋ ಹೋಗಿ ಕೂತರೆ ಕಾಗದಕ್ಕಾಗಿ ವಾಪಸ್ ಘಾಟಿ ಸುತ್ತಬೇಕಾಗುತ್ತದೆ. ನಾನು ಸುತ್ತಿದ್ದೇನೆ. ನಿಮ್ಮ ಆಪರೇಷನ್ ಪಟ್ಟಿಯಲ್ಲಿದೆಯಾ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ.

ಏಣಿ ಹತ್ತಬಹುದಾ? ಈಗಂತೂ ಬೇಡವೇ ಬೇಡ. ಆಮೇಲಿನದನ್ನು ಆಪರೇಷನ್ ಮಾಡಿದವರೇ ಹೇಳಬೇಕು. ನಾನು ಹತ್ತುವುದಿಲ್ಲ. ಮೆಣಸು ಕುಯ್ಯಲು ಜನ ಹಿಡಿಯುತ್ತೇನೆ, ಕೆಳಗೆ ಕುರ್ಚಿ ಹಾಕಿಕೊಂಡು ಚೀಲ ಲೆಕ್ಕ ಮಾಡುತ್ತೇನೆ. ಅಣ್ಣನದು ಹೇಗೂ ರೈಟರ್ ಕೆಲಸ, ಲೆಕ್ಕ ಅವರಿಗೆ ಹೊಸದಲ್ಲ. ರಿಪೋರ್ಟಿನಲ್ಲಿ ಎಷ್ಟನೇ ಹಂತ ಅಂತ ಬರೆದಿದ್ದಾರೆ, ತಲೆಯ ಆಕಾರ ಉಳಿದಿದೆ ಅಂತ ಇದೆಯಾ, ಅಷ್ಟನ್ನು ಇಲ್ಲಿ ಬರೆಯಿರಿ.