ಮೇಕೆಯ ಹೇನಲ್ಲ ಅದು, ಮೇಕೆಯ ಔಷಧಿ ಹಚ್ಚಬೇಡಿ

ಅಡ್ಮಿನ್ ಮೂಲಕ ಹೆಸರು ಹಾಕದೆ ಕೇಳಿದ ಅಣ್ಣನಿಗೆ. ಸಂತೆಯಿಂದ ಮೇಕೆ ತಂದ ಮೇಲೆ ತೊಡೆಸಂದಿನಲ್ಲಿ ತುರಿಕೆ, ಕೂದಲಲ್ಲಿ ಸಣ್ಣ ಹುಳ, ಮೇಕೆಯಿಂದಲೇ ಬಂತಾ ಅಂತ ಕೇಳಿದ್ದೀರಿ. ಇಲ್ಲ. ಮೇಕೆಯ ಹೇನು ಮನುಷ್ಯನ ಮೈಮೇಲೆ ಬದುಕಲ್ಲ. ಇದು ಮನುಷ್ಯನ ತೊಡೆಸಂದಿನ ಕೂದಲಲ್ಲಿ ಆಗುವ ಬೇರೆಯೇ ಹೇನು. ನಾನು ಯಾದಗಿರಿ ಕಡೆ ಔಷಧಿ ಅಂಗಡಿ ಇಟ್ಟವನು, ಈ ಪ್ರಶ್ನೆ ಕೌಂಟರಿನಲ್ಲಿ ಪಿಸುಮಾತಲ್ಲಿ ಬರ್ತಾನೇ ಇರುತ್ತದೆ.

ಮೇಲೆ ಒಬ್ಬರು ಉಣ್ಣಿ ಔಷಧಿ ಹಚ್ಚಿ ಅಂದಿದ್ದಾರೆ. ಬೇಡವೇ ಬೇಡ. ತೊಗರಿಗೆ ಹೊಡೆಯುವ ಎಣ್ಣಿ, ಸೀಮೆಎಣ್ಣೆ ಯಾವುದೂ ಬೇಡ. ಆ ಜಾಗದ ಚರ್ಮ ತೆಳು, ಸುಡುತ್ತದೆ, ವಿಷ ಮೈಯೊಳಗೂ ಇಳಿಯುತ್ತದೆ.

ಟಾರ್ಚ್ ಹಾಕಿ ಕೂದಲಿನ ಬುಡ ನೋಡಿ. ಹೇನು ಒಂದೆರಡು ಮಿಲಿಮೀಟರ್ ಇರುತ್ತದೆ, ಬೂದು ಬಣ್ಣ, ಏಡಿಯ ಹಾಗೆ ಅಗಲ. ಕದಲದೆ ಕೂತಿದ್ದರೆ ಒಣಗಿದ ಹಕ್ಕಳೆ ಅನ್ನಿಸುತ್ತದೆ. ಬಿಳಿ ಕಾಗದದ ಮೇಲೆ ಬಿಟ್ಟರೆ ಕಾಲಾಡಿಸುತ್ತದೆ. ಸೀರು ಕೂದಲಿಗೆ ಅಂಟಿರುತ್ತದೆ, ಉಗುರಲ್ಲಿ ಎಳೆದರೂ ಸುಲಭಕ್ಕೆ ಜಾರಲ್ಲ. ಒಳಚಡ್ಡಿಯಲ್ಲಿ ಕಂದು ಚುಕ್ಕೆ, ತೊಡೆಯಲ್ಲಿ ನೀಲಿ ಮಚ್ಚೆ ಕಂಡರೂ ಇದೇ ಇರಬಹುದು.

ಮೇಕೆ ಮೇಲೆ ಅನುಮಾನ ಬರಲು ಕಾರಣ ಇದೆ: ಹೇನು ಹತ್ತಿದ ದಿನವೇ ತುರಿಸಲ್ಲ. ಅದರ ಜೊಲ್ಲಿಗೆ ಮೈ ಒಗ್ಗದೆ ತುರಿಕೆ ಏಳಬೇಕು. ಮೊದಲ ಸಲ ಕೆಲವರಿಗೆ ಐದು ದಿನಕ್ಕೆ, ಹಲವರಿಗೆ ಎರಡರಿಂದ ನಾಲ್ಕು ವಾರಕ್ಕೆ. ಎರಡನೇ ಸಲ ಒಂದೆರಡು ದಿನ ಸಾಕು. ರಾತ್ರಿ ಜಾಸ್ತಿ. ಹಾಗಾಗಿ ಮೇಕೆ ತಂದ ದಿನ ಬಿಡಿ, ಅದಕ್ಕೂ ಮುಂಚಿನ ತಿಂಗಳು ನೆನಪಿಸಿಕೊಳ್ಳಿ. ಇದು ಹೆಚ್ಚಾಗಿ ಹರಡುವುದು ಲೈಂಗಿಕ ಸಂಪರ್ಕದಿಂದ, ಕಾಂಡೋಮ್ ಇದ್ದರೂ. ಹಾಸಿಗೆ, ಟವೆಲ್‌ನಿಂದ ಅಪರೂಪ. ಯಾರನ್ನೂ ದೂರಲು ಹೇಳ್ತಿಲ್ಲ.

ಶೇಕಡಾ 1ರ ಪರ್ಮೆಥ್ರಿನ್ ಲೋಷನ್ ಕೇಳಿ. ಕೂದಲಿಗೆ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಸೀರು ಒಡೆಯಲು ಆರರಿಂದ ಹತ್ತು ದಿನ ಬೇಕಲ್ವಾ, ಅದಕ್ಕೇ ಒಂಬತ್ತು-ಹತ್ತು ದಿನಕ್ಕೆ ಇನ್ನೊಮ್ಮೆ ನೋಡಿ, ಹುಳ ಇದ್ದರೆ ಮತ್ತೆ ಹಚ್ಚಿ. ಕಳೆದ ಒಂದು ತಿಂಗಳಲ್ಲಿ ಜೊತೆಗಿದ್ದವರಿಗೂ ಚಿಕಿತ್ಸೆ ಆಗಲಿ, ವಾಸಿಯಾಗುವವರೆಗೆ ದೂರ ಇರಿ. ಬಟ್ಟೆ, ಚಾದರ ಬಿಸಿನೀರಲ್ಲಿ ಒಗೆಯಿರಿ. ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎರಡು ವಾರ ಇಡಿ. ರೆಪ್ಪೆಯಲ್ಲಿ ಹುಳ ಕಂಡರೆ ಈ ಲೋಷನ್ ಮುಟ್ಟಿಸಬೇಡಿ, ಡಾಕ್ಟರಿಗೆ ತೋರಿಸಿ.

ಬೇರೆ ಲೈಂಗಿಕ ರೋಗದ ಪರೀಕ್ಷೆಯೂ ಒಮ್ಮೆ ಆಗಲಿ. ಜಿಲ್ಲಾ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ನಲ್ಲಿ ದುಡ್ಡಿಲ್ಲದೆ ನೋಡುತ್ತಾರೆ. ಕೇಳಲು ನಾಚಿಕೆ ಆದರೆ ಮೊದಲು ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ.

ಮೇಕೆಗೂ ಹೇನು ಆಗಿದ್ದರೆ ಪಶು ಆಸ್ಪತ್ರೆಯಲ್ಲಿ ಕೇಳಿ, ಹಿಂಡಿಗೆಲ್ಲ ಒಟ್ಟಿಗೇ ಔಷಧಿ ಹಾಕಿಸಿ.