ಅಮ್ಮನ ಹಳೇ ಚರ್ಮದ ಬ್ಯಾಗಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿದಿದೆ, ಮನೆಯಲ್ಲೇ ಸರಿಮಾಡಬಹುದಾ?

ಖಂಡಿತ ಮಾಡಬಹುದು, ಆದರೆ ಮೊದಲು ಅದು ನಿಜವಾದ ಚರ್ಮವೇ ಅಂತ ನೋಡಿಕೊಳ್ಳಿ. ಮೇಲಿನ ಪದರ ಸುಲಿದು ಒಳಗಿನ ಬಟ್ಟೆ ಕಾಣುತ್ತಿದ್ದರೆ ಅದು ರೆಕ್ಸಿನ್, ಏನು ಹಚ್ಚಿದರೂ ಸರಿಹೋಗುವುದಿಲ್ಲ.

ಚರ್ಮವೇ ಆದರೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಒಣ ಬ್ರಷ್‌ನಲ್ಲಿ ಬೂಷ್ಟು ಉದುರಿಸಿ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ (ಸ್ಯಾನಿಟೈಸರ್‌ಗಳಲ್ಲಿ ಬಳಸುವ ದ್ರವ) ಅಷ್ಟೇ ನೀರು ಬೆರೆಸಿ, ಬಟ್ಟೆಗೆ ಸ್ವಲ್ಪವೇ ತಾಗಿಸಿ ಹಗುರವಾಗಿ ಒರೆಸಿ. ಇದು ಕೆಲವು ಚರ್ಮದ ಬಣ್ಣವನ್ನೂ ತೆಗೆದುಬಿಡುತ್ತದೆ, ಹಾಗಾಗಿ ಬ್ಯಾಗಿನ ತಳದ ಒಂದು ಮೂಲೆಗೆ ಹಚ್ಚಿ ನೋಡದೆ ಮುಂದುವರಿಯಬೇಡಿ. ಸ್ವೇಡ್ (ಮಖಮಲ್ಲಿನಂತೆ ನವಿರಾದ ಮೇಲ್ಮೈಯ ಚರ್ಮ) ಆದರೆ ಒದ್ದೆ ಮಾಡಲೇಬೇಡಿ. ಒಣಗಿಸುವುದು ನೆರಳಲ್ಲಿ, ಫ್ಯಾನ್ ಗಾಳಿಗೆ. ಬಿಸಿಲಿಗಿಟ್ಟರೆ ಅಥವಾ ಹೇರ್ ಡ್ರೈಯರ್ ಹಿಡಿದರೆ ಚರ್ಮ ಬಿರುಸಾಗಿ ಬಿರುಕು ಬಿಡುತ್ತದೆ.

ಪೂರ್ತಿ ಒಣಗಿದ ಮೇಲೆ ಲೆದರ್ ಕಂಡೀಷನರ್ ತೆಳುವಾಗಿ ಹಚ್ಚಿ. ತೆಂಗಿನೆಣ್ಣೆ ಸಾಕು ಅಂತ ಸುಮಾರು ಜನ ಹೇಳುತ್ತಾರೆ, ದಯವಿಟ್ಟು ಬೇಡ, ಚರ್ಮದ ಬಣ್ಣ ಗಾಢವಾಗುತ್ತದೆ, ಜಾಸ್ತಿಯಾದರೆ ಜಿಡ್ಡಿಗೆ ಧೂಳು ಮೆತ್ತಿಕೊಳ್ಳುತ್ತದೆ. ಕಂಡೀಷನರ್ ಹಚ್ಚಿದರೂ ಈಗಾಗಲೇ ಬಿಟ್ಟ ಬಿರುಕು ಮಾತ್ರ ಮುಚ್ಚುವುದಿಲ್ಲ, ಸುತ್ತಲಿನ ಚರ್ಮ ಮೆತ್ತಗಾಗುತ್ತದೆ ಅಷ್ಟೇ.

ಎತ್ತಿಡುವಾಗ ಒಳಗೆ ಬಿಳಿ ಕಾಗದ ತುಂಬಿ (ನ್ಯೂಸ್‌ಪೇಪರ್ ಆದರೆ ಶಾಯಿ ಲೈನಿಂಗಿಗೆ ಅಂಟುತ್ತದೆ), ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಕವರ್ ಬೇಡ, ತೇವ ಒಳಗೇ ಉಳಿದು ಮತ್ತೆ ಬೂಷ್ಟು ಬರುತ್ತದೆ.