ಟೌನ್ ಮ್ಯಾನೇಜರ್ ತಪ್ಪಿಗೆ ಕೌನ್ಸಿಲ್ ಹೊಣೆಯಲ್ಲವೇ?

ಅಮೆರಿಕದ ನಿಮ್ಮ ಊರಲ್ಲಿ ರಸ್ತೆ ಕೆಲಸಕ್ಕೆ ಬಜೆಟ್ ಮೀರಿ ಖರ್ಚಾಗಿದೆ, ಕೇಳಿದರೆ ಕೌನ್ಸಿಲ್ ಸದಸ್ಯರು "ಅದು ಮ್ಯಾನೇಜರ್ ವಿಷಯ, ನಾವು ಕೈಹಾಕುವಂತಿಲ್ಲ" ಅಂತಾರೆ ಅಂದಿರಲ್ಲ, ಅವರ ಆ ಉತ್ತರ ಅರ್ಧ ಸತ್ಯ. ಅಮೆರಿಕದ ಕೌನ್ಸಿಲ್-ಮ್ಯಾನೇಜರ್ ಪದ್ಧತಿಯಲ್ಲಿ (ಜನ ಆರಿಸಿದ ಕೌನ್ಸಿಲ್ ನೀತಿ ನಿರ್ಧರಿಸುತ್ತದೆ, ಮ್ಯಾನೇಜರ್ ದಿನನಿತ್ಯದ ಆಡಳಿತ ನಡೆಸುತ್ತಾರೆ) ಸದಸ್ಯರು ಸಿಬ್ಬಂದಿಗೆ ನೇರ ಆದೇಶ ಕೊಡಬಾರದು ಎಂಬ ನಿಯಮ ಸಾಮಾನ್ಯ. ಆದರೆ ಮ್ಯಾನೇಜರನ್ನು ನೇಮಿಸುವುದೂ ತೆಗೆಯುವುದೂ ಕೌನ್ಸಿಲೇ. ಆದೇಶ ಕೊಡಬಾರದು ಅಂದರೆ ಲೆಕ್ಕ ಕೇಳಬಾರದು ಅಂತಲ್ಲ.

ಊರಿನ ದಾಖಲೆಗಳನ್ನು ನೋಡಿಕೊಳ್ಳುವ ಟೌನ್ ಕ್ಲರ್ಕ್ ಹತ್ತಿರ ಲಿಖಿತವಾಗಿ ಇಷ್ಟು ಕೇಳಿ: ಮ್ಯಾನೇಜರ್ ಜೊತೆಗಿನ ಒಪ್ಪಂದ, ತಿಂಗಳ ಬಜೆಟ್-ಖರ್ಚು ವರದಿ, ಹಣಕಾಸು ನಿರ್ವಹಣೆಯ ಲೋಪಗಳನ್ನು ತೋರಿಸಿ ಆಡಿಟರ್ ಕೊಟ್ಟ ಮ್ಯಾನೇಜ್‌ಮೆಂಟ್ ಲೆಟರ್, ಆ ರಸ್ತೆಯ ಗುತ್ತಿಗೆಯಲ್ಲಿ ಆಮೇಲೆ ಕೆಲಸ ಅಥವಾ ಮೊತ್ತ ಬದಲಿಸಿದ ಆದೇಶಗಳು, ಅಂದರೆ ಚೇಂಜ್ ಆರ್ಡರ್‌ಗಳು. ಆಡಿಟರ್ ಪತ್ರದಲ್ಲಿ ಒಂದೇ ಆಕ್ಷೇಪ ಎರಡು ವರ್ಷ ಮರುಕಳಿಸಿದ್ದರೆ ತಪ್ಪು ಮ್ಯಾನೇಜರದಷ್ಟೇ ಅಲ್ಲ, ಅದನ್ನು ಓದದ ಕೌನ್ಸಿಲ್‌ನದೂ ಹೌದು.

ಚೇಂಜ್ ಆರ್ಡರ್‌ಗಳನ್ನು ತಾರೀಖಿನ ಪ್ರಕಾರ ಜೋಡಿಸಿ ನೋಡಿ. ಮ್ಯಾನೇಜರ್ ಸ್ವತಃ ಸಹಿ ಹಾಕಬಹುದಾದ ಮಿತಿ 25,000 ಡಾಲರ್ ಅಂದುಕೊಳ್ಳಿ. ಒಂದೇ ಗುತ್ತಿಗೆದಾರನಿಗೆ ಎರಡು ವಾರದಲ್ಲಿ 24,000ದ ಮೂರು ಆರ್ಡರ್ ಇದ್ದರೆ, ಕೌನ್ಸಿಲ್ ಮುಂದೆ ಬರದ ಹಾಗೆ ಒಂದೇ ಕೆಲಸವನ್ನು ತುಂಡು ಮಾಡಿದ್ದಾರಾ ಅಂತ ಕೇಳಲೇಬೇಕು. (ಹಳೇ ಚಾಳಿ ಇದು.)

ಸಭೆಯಲ್ಲಿ ಮಾತಿಗೆ ಸಿಗುವುದು ಕೆಲವೇ ನಿಮಿಷ. "ವಜಾ ಮಾಡಿ" ಅಂತ ಕೂಗಬೇಡಿ. ಒಪ್ಪಂದದಲ್ಲಿ ವಜಾ ಮಾಡಿದರೆ ಪರಿಹಾರ ಕೊಡಬೇಕೆಂಬ ಷರತ್ತಿದ್ದರೆ ಹಲವು ತಿಂಗಳ ಸಂಬಳ ಕೊಟ್ಟೇ ಕಳಿಸಬೇಕಾಗುತ್ತದೆ. ಬದಲಿಗೆ "ಮ್ಯಾನೇಜರ್ ಕೆಲಸದ ಕಳೆದ ಲಿಖಿತ ಮೌಲ್ಯಮಾಪನ ಯಾವಾಗ ಆಯ್ತು? ಅದರಲ್ಲಿ ಬಜೆಟ್ ಶಿಸ್ತಿನ ಗುರಿ ಇತ್ತೇ?" ಅಂತ ಕೇಳಿ. ಆ ಮೌಲ್ಯಮಾಪನ ಮುಚ್ಚಿದ ಬಾಗಿಲ ಹಿಂದೆ ನಡೆದರೂ ಅದು ನಡೆಯಿತೋ ಇಲ್ಲವೋ ಎಂಬುದು ಸಾಮಾನ್ಯವಾಗಿ ಗುಟ್ಟಲ್ಲ. ಒಬ್ಬ ಸದಸ್ಯರಿಂದ ಏನೂ ಆಗದು, ಬಹುಮತ ಬೇಕು. ಹಾಗಾಗಿ ಈ ಪ್ರಶ್ನೆಗಳನ್ನು ಪತ್ರದಲ್ಲಿ ಬರೆದು ಕ್ಲರ್ಕ್ ಮೂಲಕ ಎಲ್ಲರಿಗೂ ಕಳಿಸಿ, ದಾಖಲೆಗೂ ಸೇರಿಸಲು ಹೇಳಿ.